ಗುಣಿಸುವುದು ಮೊದಲೋ, ಭಾಗಿಸುವುದು ಮೊದಲೋ

ಫೆಬ್ರವರಿ 9

ಚುಕ್ಕಿ,

ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ಯಾರದೆಂದು ಗುರುತು ಹಿಡಿದಿರುತ್ತೀಯ. ಆದರೂ ಒಡೆದು ಓದುತ್ತಿದ್ದೀಯಲ್ಲ, ಅಷ್ಟು ಸಾಕು. ವಿಳಾಸ ಕೊಟ್ಟವಳು ನನ್ನ ಅಕ್ಕ, ನಿನ್ನ ಅತ್ತೆ. ಅವಳ ಮೇಲೆ ಸಿಟ್ಟಾಗಬೇಡ. ಆರು ವರ್ಷ ತುಟಿಪಿಟಕ್ಕೆನ್ನದೆ ಇಟ್ಟುಕೊಂಡಿದ್ದಳು, ಮೊನ್ನೆ ನಾನೇ ಗೋಗರೆದು ಪಡೆದೆ.

ನಾನೀಗ ಅವಳ ಜೊತೆಗೇ ಇದ್ದೇನೆ. ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆ. ಹಗಲೆಲ್ಲ ನೆಲದಡಿಯಿಂದ ಹೊಲಿಗೆ ಯಂತ್ರದ ಸದ್ದು. ಊಟವಾದ ಮೇಲೆ ಒಂದು ಜೊಂಪು ಹತ್ತಿದರೆ ಆ ಸದ್ದೇ ನಮ್ಮ ಮುದ್ರಣಾಲಯದ ಸದ್ದಾಗಿಬಿಡುತ್ತದೆ. ನಾನು ಮತ್ತೆ ಅಚ್ಚಿನ ಮೊಳೆಗಳ ಮುಂದೆ ನಿಂತಿರುತ್ತೇನೆ. ನಿದ್ದೆಯಲ್ಲಿ ನನ್ನ ಬಲಗೈ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿರುತ್ತದಂತೆ. ನಿನ್ನ ಅತ್ತೆ ಅದನ್ನು ನೋಡಿ, ‘ಸೊಳ್ಳೆ ಹಿಡೀತಿದ್ದೀಯೇನೋ’ ಎಂದು ನಗುತ್ತಾಳೆ.

ಹೋದ ವಾರ ಮುದ್ರಣಾಲಯದಿಂದ ಒಬ್ಬ ಹುಡುಗಿ ಬಂದಿದ್ದಳು. ಈಗ ಅಲ್ಲಿ ಸೀಸದ ಮೊಳೆಗಳಿಲ್ಲ. ಅವಳೊಬ್ಬಳೇ ಕಂಪ್ಯೂಟರಿನ ಮುಂದೆ ಕೂತು ಪುಸ್ತಕಕ್ಕೆ ಪುಸ್ತಕವನ್ನೇ ಜೋಡಿಸಿಬಿಡುತ್ತಾಳೆ. ಹಳೆಯ ಪುಸ್ತಕವೊಂದನ್ನು ಮತ್ತೆ ಅಚ್ಚು ಹಾಕುತ್ತಾರಂತೆ, ಕರಡು ತಿದ್ದಿಕೊಡಿ ಎಂದು ತಂದಿದ್ದಳು. ದಾದಿಯರ ಕೈಪಿಡಿ. ನಲವತ್ತೊಂದನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ತಾತ, ಇದನ್ನ ಹೇಗೆ ಓದ್ಬೇಕು? ನನಗೆ ಎರಡು ಥರ ಉತ್ತರ ಬರ್ತಿದೆ’ ಅಂದಳು.

ತೂಕ × 6 ÷ 4 × 2.

ಆ ಸಾಲು ನಿನಗೆ ಗೊತ್ತು. ನಾನು ಅವಳಿಗೆ, ಸ್ವಲ್ಪ ದಿನ ಬಿಟ್ಟು ಬಾ, ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ. ಅಂದಿನಿಂದ ಅದೇ ತಲೆಯಲ್ಲಿ ಕೂತಿದೆ. ಲೆಕ್ಕದಲ್ಲಿ ಇದು ಮೊದಲು, ಅದು ಆಮೇಲೆ ಎನ್ನುತ್ತೇವಲ್ಲ, ಅದು ಬೆಂಕಿ ಸುಡುತ್ತದೆ ಎನ್ನುವಂಥ ನಿಯಮವೋ, ಅಥವಾ ನಾಲ್ಕು ಜನ ಕೂತು ಮಾಡಿಕೊಂಡ ಒಪ್ಪಂದವೋ? ನಿನ್ನ ಅತ್ತೆಯನ್ನು ಕೇಳಿದೆ. ಕತ್ತರಿ ಕೆಳಗಿಡದೆಯೇ ಹೇಳಿದಳು: ‘ಗುಂಡೀನ ಮೇಲಿಂದ ಹಾಕ್ಕೊಂಡ್ರೂ ಒಂದೇ, ಕೆಳಗಿಂದ ಹಾಕ್ಕೊಂಡ್ರೂ ಒಂದೇ. ಅಂಗಿ ಮೇಲೆ ಬನಿಯನ್ ಹಾಕ್ಕೊಂಡ್ರೆ ಮಾತ್ರ ಜನ ನಗ್ತಾರೆ.’

ನಿನಗೇನನ್ನಿಸುತ್ತದೆ ಎಂದು ತಿಳಿಯುವ ಆಸೆ. ಬರೆಯಲೇಬೇಕೆಂದಿಲ್ಲ.

ನಿನ್ನ ಅಪ್ಪ

*

ಮಾರ್ಚ್ 2

ಅಪ್ಪನಿಗೆ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಇಲ್ಲಿಗೆ ಅಂಚೆ ವಾರಕ್ಕೆ ಎರಡೇ ಸಲ ಬರುವುದು ಎಂದು ನೆಪ ಹೇಳಬಹುದಿತ್ತು. ನಿಜ ಏನೆಂದರೆ, ಬರೆಯಲು ಮನಸ್ಸು ಬರಲಿಲ್ಲ.

ನಾನಿರುವುದು ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ. ನಾವು ಒಟ್ಟು ನಾಲ್ಕು ಜನ. ದಿನಾ ಬೆಳಿಗ್ಗೆ ಆಳೆತ್ತರದ ಬಿಳಿ ಬಲೂನಿಗೆ ಅನಿಲ ತುಂಬಿ, ಅದರ ಬಾಲಕ್ಕೆ ಸಣ್ಣ ಪೆಟ್ಟಿಗೆಯೊಂದನ್ನು ಕಟ್ಟಿ ಕೈಬಿಡುತ್ತೇವೆ. ಅದು ಏರುತ್ತಾ ಏರುತ್ತಾ ಮೇಲಿನ ಗಾಳಿಯ ಸುದ್ದಿ ಕಳಿಸುತ್ತದೆ. ಆಮೇಲೆ ಎಲ್ಲೋ ಒಡೆದುಹೋಗುತ್ತದೆ. ಒಡೆಯುವುದು ನಮಗೆ ಕಾಣುವುದಿಲ್ಲ. ಸುದ್ದಿ ನಿಂತಾಗ ತಿಳಿಯುತ್ತದೆ, ಅಷ್ಟೆ.

ನಿಯಮವೋ ಒಪ್ಪಂದವೋ ಎಂದು ಕೇಳಿದ್ದೀರಿ. ಅಂದು ನಾನು ನಿಮ್ಮನ್ನು ಕೇಳಿದ್ದೂ ಇದನ್ನೇ. ಆಸ್ಪತ್ರೆಯಿಂದ ಸಮವಸ್ತ್ರದಲ್ಲೇ ಮನೆಗೆ ಬಂದು, ಕೈಪಿಡಿಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ನೀವು ಕನ್ನಡಕ ಹಾಕಿಕೊಂಡಿರಿ, ನೋಡಿದಿರಿ, ಕನ್ನಡಕ ತೆಗೆದಿರಿ. ‘ಬಲ್ಲವರು ಸರಿಯಾಗೇ ಓದ್ಕೋತಾರೆ’ ಅಂದಿರಿ. ನಾನು ಮುಂದಿನದನ್ನು ಹೇಳುವ ಮೊದಲೇ ನೀರು ಕುಡಿಯಲು ಎದ್ದು ಒಳಗೆ ಹೋದಿರಿ. ಹಾಗಾಗಿ ನೀವು ಪೂರ್ತಿ ಕೇಳಲೇ ಇಲ್ಲ. ಈಗ ಕೇಳಿ.

ನಾನು ಆ ವಾರ್ಡಿಗೆ ಬಂದು ಒಂಬತ್ತು ದಿನವಾಗಿತ್ತು. ಐದು ವರ್ಷದ ಮಗು, ಹದಿನಾರು ಕಿಲೋ ತೂಕ. ಹನಿ ಔಷಧ ಕೊಡಬೇಕಿತ್ತು. ಹಿರಿಯ ನರ್ಸ್ ರಜೆಯಲ್ಲಿದ್ದರು, ನಾನು ಕೈಪಿಡಿ ತೆಗೆದೆ. ಶಾಲೆಯಲ್ಲಿ ಕಲಿತ ಹಾಗೆ, ಗುಣಾಕಾರ ಭಾಗಾಕಾರ ಎರಡೂ ಸರಿಸಮ, ಎಡದಿಂದ ಬಲಕ್ಕೆ ಸಾಗಬೇಕು. ಹದಿನಾರಾರಲೆ ತೊಂಬತ್ತಾರು. ನಾಲ್ಕರಿಂದ ಭಾಗಿಸಿದರೆ ಇಪ್ಪತ್ತನಾಲ್ಕು. ಎರಡರಿಂದ ಗುಣಿಸಿದರೆ ನಲವತ್ತೆಂಟು. ನಲವತ್ತೆಂಟು ಹನಿ ಕೊಟ್ಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂರೂವರೆ ದಿನ. ನಾಲ್ಕನೆಯ ದಿನ ರಜೆ ಮುಗಿಸಿ ಬಂದ ಹಿರಿಯ ನರ್ಸ್ ಚೀಟಿ ನೋಡಿ ಬೆಚ್ಚಿದರು. ಕೊಡಬೇಕಾಗಿದ್ದದ್ದು ಹನ್ನೆರಡು. ನಾಲ್ಕನ್ನೂ ಎರಡನ್ನೂ ಮೊದಲು ಗುಣಿಸಿಕೊಂಡು ಎಂಟರಿಂದ ಭಾಗಿಸಬೇಕಂತೆ. ಅಲ್ಲಿ ಎಲ್ಲರೂ ಹಾಗೇ ಓದುತ್ತಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ.

ಮಗು ಬದುಕಿತು. ಬಲಗಿವಿ ಹೋಯಿತು.

ವಿಚಾರಣೆಯಲ್ಲಿ ನಾನು, ನಿಯಮದ ಪ್ರಕಾರವೇ ಮಾಡಿದ್ದೇನೆ ಅಂದೆ. ಅವರು ನಕ್ಕರು. ನಗುವಂಥದ್ದೇ ಇರಬಹುದು. ಶಾಲೆಯ ನಿಯಮವನ್ನು ಅಷ್ಟು ನಂಬಿದ ಹುಡುಗಿಯನ್ನು ಅವರು ಹಿಂದೆ ನೋಡಿರಲಿಕ್ಕಿಲ್ಲ.

ನಿಮಗೆ ನಿಜವಾಗಿಯೂ ನನ್ನ ಉತ್ತರ ಬೇಕೋ, ಅಥವಾ ಆ ಮುದ್ರಣಾಲಯದ ಹುಡುಗಿಗೆ ಹೇಳಲು ಏನಾದರೊಂದು ಮಾತು ಬೇಕೋ?

ನಮಸ್ಕಾರಗಳೊಂದಿಗೆ,
ನಿಮ್ಮ ಮಗಳು

*

ಮಾರ್ಚ್ 20

ಚುಕ್ಕಿ,

ಚಿಕ್ಕಂದಿನಿಂದ ನೀನು ನನ್ನನ್ನು ‘ನೀನು’ ಎಂದೇ ಕರೆಯುತ್ತಿದ್ದೆ. ಈ ಪತ್ರದಲ್ಲಿ ‘ನೀವು’ ಆಗಿದ್ದೇನೆ. ದೂರುತ್ತಿಲ್ಲ. ಮೊಳೆ ಜೋಡಿಸಿದ ಕಣ್ಣಿಗೆ ಒಂದಕ್ಷರ ಬದಲಾದರೂ ಚುಚ್ಚುತ್ತದೆ, ಅದಕ್ಕೆ ಹೇಳಿದೆ.

ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ದಿನಾ ಬೆಳಿಗ್ಗೆ ಕೆರೆಯ ಸುತ್ತ ನಡೆಯುತ್ತೇನೆ. ಅಲ್ಲಿಗೆ ನಿವೃತ್ತ ಗಣಿತದ ಟೀಚರೊಬ್ಬರು ಬರುತ್ತಾರೆ. ಕೊಡೆಯನ್ನು ಮಡಚಿ ಊರುಗೋಲಿನಂತೆ ಹಿಡಿದು ನಡೆಯುವವರು. ಅವರ ಬಳಿ ನನ್ನ ಪ್ರಶ್ನೆ ಇಟ್ಟೆ. ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ ಅಂದರು. ಮೇಜಿನ ಮೇಲೆ ಎರಡು ಬಿಡಿ ಹಾಳೆ ಇವೆ, ನಾಲ್ಕು ನಾಲ್ಕು ಹಾಳೆಯ ಮೂರು ಕಟ್ಟುಗಳಿವೆ. ಒಟ್ಟು ಎಷ್ಟು? ಹದಿನಾಲ್ಕು ಅಂದೆ. ಬಿಡಿ ಹಾಳೆ ಎರಡನ್ನು ಕಟ್ಟು ಮೂರಕ್ಕೆ ಕೂಡಿಸಿ ಐದು ಮಾಡಿ, ಅದನ್ನು ನಾಲ್ಕರಿಂದ ಗುಣಿಸಿ ಇಪ್ಪತ್ತು ಅನ್ನಲಿಲ್ಲವಲ್ಲ, ಏಕೆ ಎಂದು ಕೇಳಿದರು. ಹಾಗೆ ಮಾಡಲು ಬರುವುದೇ ಇಲ್ಲ, ಹಾಳೆಗಳು ಇರುವುದೇ ಹದಿನಾಲ್ಕು ಎಂದೆ. ಗುಣಾಕಾರವೆಂದರೆ ಕಟ್ಟು, ಕಟ್ಟು ಬಿಚ್ಚಿದ ಮೇಲೇ ಎಣಿಕೆ. ಅಷ್ಟರಮಟ್ಟಿಗೆ ಅದಕ್ಕೊಂದು ಕಾರಣವಿದೆ ಅಂದರು.

ಹಾಗಾದರೆ ಗುಣಾಕಾರ ಭಾಗಾಕಾರಗಳ ನಡುವೆ? ಎಂದು ಕೇಳಿದೆ. ಕೊಡೆಯನ್ನು ನೆಲಕ್ಕೆ ಊರಿ ನಿಂತರು.

‘ಅದು ಬರೀ ಒಪ್ಪಂದ. ರಸ್ತೇಲಿ ಎಡಗಡೆ ಹೋಗೋಣ ಅಂತ ಮಾಡ್ಕೊಂಡ ಹಾಗೆ. ಬಲಗಡೆ ಅಂತ ಮಾಡ್ಕೊಂಡಿದ್ರೂ ನಡೀತಿತ್ತು. ಆದ್ರೆ ಒಬ್ಬ ಎಡ, ಒಬ್ಬ ಬಲ ಅಂದ್ಕೊಂಡು ಹೊರಟ್ರೆ ಲಾರಿ ಬಂದು ಗುದ್ದುತ್ತಲ್ಲ, ಅದು ಒಪ್ಪಂದ ಅಲ್ಲ.’

ಅವರು ಮುಂದೆ ಹೋದರು. ನಾನು ಕಲ್ಲುಬೆಂಚಿನ ಮೇಲೆ ಕೂತೆ. ಕೆರೆಯ ಮೇಲೆ ಬಿಸಿಲು ಇಷ್ಟಿಷ್ಟೇ ಏಳುತ್ತಿತ್ತು. ಕಣ್ಣು ಮುಚ್ಚಿತೇನೋ, ಒಂದು ಕನಸು. ಒಂದು ಬೀದಿ. ಆಚೆ ಈಚೆ ಓಡಾಡುವವರೆಲ್ಲ ನನ್ನ ಪರಿಚಯದವರೇ, ಆದರೆ ಯಾರ ಬಾಯೂ ಅಲ್ಲಾಡುತ್ತಿಲ್ಲ. ಮಾತುಗಳು ಮಾತ್ರ ಅವರ ಪಕ್ಕದಲ್ಲಿ ಸೀಸದ ಅಕ್ಷರಗಳಾಗಿ ನಡೆದು ಬರುತ್ತಿವೆ, ತಿರುಗುಮುರುಗಾಗಿ, ಅಚ್ಚಿನ ಮೊಳೆಯಲ್ಲಿ ಇರುವ ಹಾಗೆ. ಮೂವತ್ತೆಂಟು ವರ್ಷ ಅವನ್ನೇ ಓದಿದ ನನಗೆ ಅಲ್ಲಿ ಒಂದಕ್ಷರವೂ ಓದಲು ಬರುತ್ತಿಲ್ಲ.

ಎದ್ದು ಮನೆಗೆ ಬಂದೆ. ನೀನು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಎಂದು ನನಗೆ ಗೊತ್ತು.

ನಿನ್ನ ಅಪ್ಪ

*

ಏಪ್ರಿಲ್ 11

ಅಪ್ಪನಿಗೆ,

ಮೂರು ದಿನದಿಂದ ನಾವು ಮೋಡದೊಳಗೇ ಇದ್ದೇವೆ. ಕಿಟಕಿ ತೆರೆದರೆ ಕೋಣೆಗೇ ಬರುತ್ತದೆ. ಬಟ್ಟೆ, ಹಾಸಿಗೆ, ಈ ಕಾಗದ ಎಲ್ಲ ತಣ್ಣಗೆ ಮೆತ್ತಗಾಗಿವೆ, ಶಾಯಿ ಹರಡಿದರೆ ನನ್ನ ತಪ್ಪಲ್ಲ. ಇಂಥ ದಿನಗಳಲ್ಲಿ ಬಲೂನು ಕೈಬಿಟ್ಟ ಮರುಕ್ಷಣವೇ ಕಾಣೆಯಾಗುತ್ತದೆ. ಕೈಯಲ್ಲಿ ಹಿಡಿದಿದ್ದೆನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ಅಂಗಳದ ಬಿಳಿ ಪೆಟ್ಟಿಗೆಯಲ್ಲಿ ಎರಡು ಉಷ್ಣಮಾಪಕಗಳಿವೆ. ಒಂದು ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೇವೆ. ಒಣಗಿದ್ದನ್ನು ಮೊದಲು ಓದಬೇಕು. ಬಂದ ಹೊಸತರಲ್ಲಿ ಇದೂ ಒಪ್ಪಂದವೇ ಅಂದುಕೊಂಡಿದ್ದೆ. ಅಲ್ಲ, ಪೆಟ್ಟಿಗೆಯ ಬಾಗಿಲು ತೆರೆದು ನಿಂತರೆ ನಮ್ಮ ಮೈಯ ಶಾಖ ಅದಕ್ಕೆ ತಗಲುತ್ತದೆ, ಅದಕ್ಕೇ ಅವಸರ. ಇಲ್ಲಿನ ಹಿರಿಯರು ಮೊದಲ ದಿನವೇ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಾರಣ ಹೇಳಿಕೊಟ್ಟರು. ನನಗೆ ಅಂದು ಅಳು ಬಂತು. ಹೀಗೆ ಯಾರಾದರೂ ಒಬ್ಬರು ಹೇಳಿಕೊಟ್ಟಿದ್ದರೆ.

ನಿಮ್ಮ ಟೀಚರ್ ಹೇಳಿದ್ದು ಸರಿಯೇ ಇರಬೇಕು. ಒಪ್ಪಂದ ಎಂದೇ ಇಟ್ಟುಕೊಳ್ಳೋಣ. ಒಪ್ಪಿದವರು ಯಾರು? ಶಾಲೆಯವರು ಒಂದನ್ನು ಒಪ್ಪಿದರು, ಆಸ್ಪತ್ರೆಯವರು ಇನ್ನೊಂದನ್ನು. ಇಬ್ಬರೂ ನನಗೆ ನಿಯಮ ಎಂದೇ ಹೇಳಿದರು. ನಡುವೆ ಒಂದು ಮಗು ಮಲಗಿತ್ತು.

ಎರಡು ಕಂಸ ಹಾಕಿದ್ದರೆ ಈ ಯಾವುದೂ ಇರುತ್ತಿರಲಿಲ್ಲ. (4 × 2). ಇಷ್ಟೇ. ನೋಡಿ, ಬರೆಯಲು ಎಷ್ಟು ಸುಲಭ. ಕೈಪಿಡಿ ಬರೆದ ಡಾಕ್ಟರು ಹಾಕಿರಲಿಲ್ಲವೋ, ಅಥವಾ ಅಚ್ಚಿನಲ್ಲಿ

ಅಷ್ಟಕ್ಕೇ ಬಿಡುತ್ತೇನೆ. ಮೋಡ ಕಾಗದದ ಮೇಲೇ ಕೂತಿದೆ.

ನಿಮ್ಮ ಮಗಳು

*

ಜೂನ್ 14

ಚುಕ್ಕೀ,

ನಾನು ನಿಮ್ಮತ್ತೆ. ನನ್ನ ಕೈಬರಹ ಕೋಳಿ ಕೆದರಿದ ಹಾಗಿರುತ್ತೆ, ಸುಧಾರಿಸಿಕೊಂಡು ಓದು.

ನಿಮ್ಮಪ್ಪ ಎರಡು ತಿಂಗಳಿಂದ ಒಂದೇ ಕಾಗದ ಬರೀತಿದ್ದಾನೆ. ಬರೀತಾನೆ, ಹರೀತಾನೆ. ಕಸದ ಬುಟ್ಟಿ ನಾನೇ ಖಾಲಿ ಮಾಡೋದು, ಅದರಲ್ಲಿ ಏನಿದೆ ಅಂತ ಮಾತ್ರ ಓದಿಲ್ಲ. ಊಟದ ತಟ್ಟೆ ಮುಂದೆ ಕೂತು ಎಲ್ಲೋ ನೋಡ್ತಾನೆ. ಮೊನ್ನೆ ಒಂದು ಅಂಗಿಗೆ ಗುಂಡಿ ಹೊಲಿ ಅಂತ ಕೊಟ್ಟೆ, ಏಳು ಗುಂಡೀನೂ ಒಂದೇ ಕಡೆ ಹೊಲಿದಿಟ್ಟಿದ್ದ. ಆ ಅಂಗಿಯವನು ಬಂದು ನನ್ನ ಮುಖ ನೋಡಿದ.

ಆ ಮುದ್ರಣಾಲಯದ ಹುಡುಗಿ ನಾಲ್ಕು ಸಲ ಬಂದು ಹೋದಳು. ಪ್ರತಿ ಸಲವೂ ಇವನು ಇನ್ನೊಂದು ವಾರ ಅಂತಾನೆ.

ನಾನು ಯಾರ ಪರವೂ ಅಲ್ಲ. ನೀನು ಮನೆ ಬಿಟ್ಟು ಹೋದ ದಿನ ಇವನು ಬಾಗಿಲಲ್ಲಿ ನಿಂತವನು ಸಂಜೆತನಕ ನಿಂತೇ ಇದ್ದ, ಆದರೂ ನಿನ್ನನ್ನ ಕರೀಲಿಲ್ಲ. ಯಾಕೋ ಅಂದ್ರೆ, ಕರೆಯೋ ಯೋಗ್ಯತೆ ಇಲ್ಲ ಅಕ್ಕ ಅಂದ. ನನಗೆ ಅವತ್ತೂ ಅರ್ಥ ಆಗ್ಲಿಲ್ಲ, ಇವತ್ತೂ ಅರ್ಥ ಆಗ್ಲಿಲ್ಲ. ನಿನಗೆ ಆಗಬಹುದು ಅಂತ ಬರೆದೆ.

ಮೈ ಬೆಚ್ಚಗಿಟ್ಟುಕೋ. ಬೆಟ್ಟದ ಥಂಡಿ ಮೂಳೆಗೆ ಇಳಿಯುತ್ತೆ.

ಅತ್ತೆ

*

ಜೂನ್ 28

ಚುಕ್ಕಿ,

ನೀನು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ನಾನೇ ಪೂರ್ತಿ ಮಾಡಬೇಕು. ಇನ್ನೂ ತಡ ಮಾಡಿದರೆ ಅಕ್ಕನ ಗಿರಾಕಿಗಳ ಅಂಗಿಗಳೆಲ್ಲ ಹಾಳಾಗುತ್ತವೆ.

ಡಾಕ್ಟರು ಅದನ್ನು ಸರಿಯಾಗಿಯೇ ಬರೆದಿದ್ದರು. ಮೇಲೆ ತೂಕ × 6, ನಡುವೆ ಅಡ್ಡಗೆರೆ, ಕೆಳಗೆ 4 × 2. ಯಾರು ನೋಡಿದರೂ ಎರಡನೆಯ ಅರ್ಥ ಬರುವಂತಿರಲಿಲ್ಲ. ಆ ಅಡ್ಡಗೆರೆಯನ್ನು ತೆಗೆದವನು ನಾನು.

ನಲವತ್ತೊಂದನೆಯ ಪುಟವನ್ನು ನಾನೇ ಜೋಡಿಸಿದ್ದು. ಆಗ ನಿನಗೆ ಹತ್ತೋ ಹನ್ನೊಂದೋ. ಪುಟ ತುಂಬಿಹೋಗಿತ್ತು, ಅಡ್ಡಗೆರೆ ಇಟ್ಟರೆ ಒಂದು ಸಾಲಿನ ಜಾಗಕ್ಕೆ ಎರಡು ಸಾಲು ಬೇಕು. ಆಗ ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನ ಪುಟಕ್ಕೆ. ಜೋಡಿಸಿದ್ದನ್ನೆಲ್ಲ ಬಿಚ್ಚಬೇಕು. ಮಧ್ಯಾಹ್ನದೊಳಗೆ ಯಂತ್ರಕ್ಕೆ ಪುಟ ಸಿದ್ಧವಾಗಬೇಕಿತ್ತು. ಅದಕ್ಕೆ ಒಂದೇ ಸಾಲಿನಲ್ಲಿ ಹಾಕಿಬಿಡೋಣ, 4 × 2 ಸುತ್ತ ಕಂಸ ಇಟ್ಟರಾಯಿತು ಎಂದುಕೊಂಡು ಕೈ ಹಾಕಿದೆ. ಕಂಸದ ಮೊಳೆಗಳಿರುವ ಮನೆ ಖಾಲಿ. ಹಿಂದಿನ ಪುಟದಲ್ಲಿ ಔಷಧಗಳ ದೊಡ್ಡ ಪಟ್ಟಿಯಿತ್ತು, ಪ್ರತಿ ಔಷಧದ ಇನ್ನೊಂದು ಹೆಸರು ಕಂಸದಲ್ಲಿ. ಇದ್ದ ಕಂಸಗಳೆಲ್ಲ ಅಲ್ಲಿ ಕೂತಿದ್ದವು. ಆ ಪುಟಗಳು ಅಚ್ಚಾಗಿ, ಮೊಳೆ ತೊಳೆದು ಮತ್ತೆ ಮನೆ ಸೇರಲು ಎರಡು ದಿನ ಬೇಕು.

ಎರಡು ದಿನ ಕಾಯುತ್ತೇನೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬಲ್ಲವರು ಸರಿಯಾಗೇ ಓದಿಕೊಳ್ಳುತ್ತಾರೆ ಎಂದು ಆಗ ನನಗೆ ನಾನೇ ಹೇಳಿಕೊಂಡ ಮಾತು. ಹದಿಮೂರು ವರ್ಷವಾದ ಮೇಲೆ ಅದೇ ಮಾತನ್ನು ನಿನಗೆ ಹೇಳಿದೆ. ಡಾಕ್ಟರು ಕರಡು ನೋಡಿ ಸಹಿ ಹಾಕಿದರು. ಅವರಿಗೆ ಅರ್ಥ ಮೊದಲೇ ಗೊತ್ತಿತ್ತು, ಕಣ್ಣಿಗೆ ಕಾಣಲಿಲ್ಲ.

ನೀನು ಪುಸ್ತಕ ಬಿಡಿಸಿಟ್ಟ ಕ್ಷಣವೇ ನನಗೆ ಎಲ್ಲ ತಿಳಿಯಿತು. ಒಳಗೆ ಹೋಗಿ ನಾನು ನೀರು ಕುಡಿಯಲಿಲ್ಲ. ಲೋಟ ಹಿಡಿದು ನಿಂತಿದ್ದೆ. ನಿಮ್ಮಮ್ಮ ಬದುಕಿದ್ದರೆ ಅಡುಗೆಮನೆಯಿಂದ ನನ್ನ ಹೆಗಲು ಹಿಡಿದು ಹೊರಗೆ ತಳ್ಳುತ್ತಿದ್ದಳು. ನಾನು ಹೊರಗೆ ಬರುವಷ್ಟರಲ್ಲಿ ನೀನು ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಬೆಳಿಗ್ಗೆ ಹೊರಟುಹೋದೆ.

ನಿಯಮವೋ ಒಪ್ಪಂದವೋ ಎಂದು ಊರೆಲ್ಲ ಕೇಳಿಕೊಂಡು ತಿರುಗಿದ್ದು ಏಕೆಂದರೆ, ನಿಯಮ ಎಂದಾದರೆ ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ ಎಂದು ಎಲ್ಲಾದರೂ ಸಿಗಬಹುದೇನೋ ಎಂಬ ಆಸೆ. ಸಿಗಲಿಲ್ಲ. ಒಪ್ಪಂದವನ್ನು ಪ್ರತಿ ಸಲ ಯಾರಾದರೂ ಉಳಿಸಿಕೊಂಡು ಬರಬೇಕು. ಅಂದು ಅದು ನನ್ನ ಕೈಯಲ್ಲಿತ್ತು.

ಮುದ್ರಣಾಲಯದ ಹುಡುಗಿಗೆ ನಿನ್ನೆ ಹೇಳಿದೆ. ಹೊಸ ಪುಸ್ತಕದಲ್ಲಿ ಅಡ್ಡಗೆರೆ ಬರುತ್ತದೆ. ಹಳೆಯ ಪ್ರತಿಗಳಿರುವ ಕಡೆಗೆಲ್ಲ ತಿದ್ದುಪಡಿಯ ಚೀಟಿ ಕಳಿಸಲು ಒಪ್ಪಿಸಿದ್ದೇನೆ. ನಿನ್ನ ಮೇಲಿರುವ ತಪ್ಪನ್ನು ನನ್ನ ಹೆಸರಿಗೆ ಬರೆದು ಆಸ್ಪತ್ರೆಗೂ ಒಂದು ಪತ್ರ ಕಳಿಸುತ್ತೇನೆ. ನಿನ್ನ ಒಪ್ಪಿಗೆ ಬಂದರೆ ಸಾಕು. ಪೂರ್ತಿ ತಪ್ಪು ನನ್ನದೇ.

ಕ್ಷಮಿಸು ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಅಪ್ಪ

*

ಆಗಸ್ಟ್ 17

ಅಪ್ಪಾ,

ನನಗೆ ಗೊತ್ತಿತ್ತು.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಕೂತು ಆ ಸಾಲನ್ನು ನೋಡುತ್ತಲೇ ಇದ್ದೆ. ಗುಣಾಕಾರದ ಗುರುತಿನ ಎರಡೂ ಕಡೆ ಕೂದಲೆಳೆಯಷ್ಟು ಜಾಗ ಬಿಡುವವನು ನೀನೊಬ್ಬನೇ. ‘ಅಂಕಿಗಳಿಗೂ ಉಸಿರಾಡೋಕೆ ಜಾಗ ಬೇಕು’ ಎಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ತೋರಿಸಿದ್ದೆಯಲ್ಲ, ಮರೆತೆಯಾ? ಆ ದಿನ ನಾನು ಮನೆಗೆ ಬಂದದ್ದು ಲೆಕ್ಕ ಹೇಗೆ ಓದಬೇಕು ಎಂದು ಕೇಳಲು ಅಲ್ಲ. ನೀನೇ ಬಾಯಿಬಿಟ್ಟು ಹೇಳುತ್ತೀಯೇನೋ ಎಂದು ನೋಡಲು. ಹೇಳಿದ್ದರೆ ಅಲ್ಲೇ ನಿನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತು ಮುಗಿಸುತ್ತಿದ್ದೆ. ನೀನು ಹೇಳಲಿಲ್ಲ. ಆರು ವರ್ಷ ಕಾದೆ.

ನಿನ್ನ ಪತ್ರ ಬಂದ ಮೇಲೆ ಐದು ವಾರ ನಾನೂ ಏನೂ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಪೂರ್ತಿ ತಪ್ಪು ನನ್ನದೇ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಯಾಕೆಂದು ಏರುವ ಬಲೂನನ್ನೇ ನೋಡುತ್ತಾ ನೋಡುತ್ತಾ ಒಂದು ದಿನ ತಿಳಿಯಿತು.

ಔಷಧದ ಜೊತೆ ಒಂದು ಪುಟ್ಟ ಚಮಚ ಇತ್ತು ಅಪ್ಪ. ನಲವತ್ತೆಂಟು ಹನಿ ಅದರಲ್ಲಿ ಹಿಡಿಯುತ್ತಿರಲಿಲ್ಲ. ಎರಡು ಸಲ ತುಂಬಬೇಕಾಯಿತು. ಐದು ವರ್ಷದ ಮಗುವಿಗೆ ಎರಡು ಚಮಚವೇ ಎಂದು ಕೈ ಒಂದು ಗಳಿಗೆ ನಿಂತಿತು. ಪಕ್ಕದ ವಾರ್ಡಿಗೆ ಹೋಗಿ ಕೇಳಬಹುದಿತ್ತು, ಇಪ್ಪತ್ತು ಹೆಜ್ಜೆ. ಹೊಸಬಳು, ಇಷ್ಟೂ ಗೊತ್ತಿಲ್ಲವೇ ಎಂದಾರು ಅನ್ನಿಸಿತು. ನಿಯಮದ ಪ್ರಕಾರ ಮಾಡಿದ್ದೇನಲ್ಲ ಎಂದುಕೊಂಡು ಕೊಟ್ಟೆ. ಇದನ್ನು ವಿಚಾರಣೆಯಲ್ಲಿ ನಾನು ಹೇಳಲಿಲ್ಲ. ಯಾರಿಗೂ ಹೇಳಿಲ್ಲ.

ಹಾಗಾಗಿ ಎಲ್ಲವನ್ನೂ ನಿನ್ನ ಹೆಸರಿಗೆ ಬರೆದುಕೊಳ್ಳಬೇಡ. ನನ್ನ ಪಾಲಿನದು ನನಗೆ ಬಿಡು.

ಇನ್ನೂ ಒಂದಿದೆ. ಆಸ್ಪತ್ರೆಯವರು ಆ ಮನೆಯವರಿಗೆ ನಿಜ ಹೇಳಲಿಲ್ಲ. ಮಗುವಿನ ಮೈಗೆ ಔಷಧ ಒಗ್ಗಲಿಲ್ಲ, ಯಾರ ತಪ್ಪೂ ಅಲ್ಲ ಎಂದು ಒಂದು ಕಾಗದ ಬರೆದರು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಹಾಕಿದರೆ ಗದ್ದಲವಿಲ್ಲದೆ ಹೋಗಬಹುದು ಅಂದರು, ಹಾಕಿ ಹೊರಟುಬಂದೆ.

ಆ ಮನೆ ನನಗೆ ಗೊತ್ತು. ಬೆಟ್ಟದ ಕೆಳಗಿನ ಊರಿನಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಎರಡು ಸಲ ಹೋಗಿ ಬೀದಿಯ ತುದಿಯಿಂದ ವಾಪಸು ಬಂದಿದ್ದೇನೆ. ಒಬ್ಬಳೇ ಹೋಗಲು ಆಗುತ್ತಿಲ್ಲ. ಸೆಪ್ಟೆಂಬರ್ ಕೊನೆಗೆ ನನಗೆ ನಾಲ್ಕು ದಿನ ರಜೆಯಿದೆ. ನೀನು ಬರುತ್ತೀಯಾ?

ಚುಕ್ಕಿ

*

ಅಕ್ಟೋಬರ್ 1

ಪ್ರೀತಿಯ ಅತ್ತೆ,

ಅಪ್ಪ ಇಲ್ಲೇ ನನ್ನ ಕೋಣೆಯಲ್ಲಿದ್ದಾನೆ, ಗಾಬರಿಯಾಗಬೇಡ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಮೋಡ ನೋಡುತ್ತಾ ಹಾಗೇ ನಿದ್ದೆಹೋಗಿದ್ದಾನೆ. ಕೈ ಮಡಿಲಲ್ಲಿ ಸುಮ್ಮನೆ ಮಲಗಿದೆ. ಇನ್ನೆರಡು ದಿನ ಇಟ್ಟುಕೊಂಡು ಬಸ್ಸು ಹತ್ತಿಸುತ್ತೇನೆ. ನಾವು ಎಲ್ಲಿಗೆ ಹೋಗಿದ್ದೆವು, ಏಕೆ ಎಂದು ಅವನು ಹೊರಡುವ ಮೊದಲು ನಿನಗೆ ಹೇಳಿದನಂತೆ. ಆಮೇಲೆ ಏನಾಯಿತೆಂದು ನೀನು ಕಾಯುತ್ತಿರುತ್ತೀ, ಅದಕ್ಕೆ ಬರೆಯುತ್ತಿದ್ದೇನೆ.

ಬಸ್ ನಿಲ್ದಾಣದಲ್ಲಿ ಅವನು ನನ್ನನ್ನು, ನಾನು ಅವನನ್ನು ಆರು ವರ್ಷದ ಮೇಲೆ ನೋಡಿದ್ದು. ಎಷ್ಟು ಸಣ್ಣಗಾಗಿದ್ದಾನೆ ಅತ್ತೆ. ನನ್ನ ಚೀಲವನ್ನು ತಾನೇ ಹೊರುತ್ತೇನೆಂದು ಹಟ ಮಾಡಿದ. ದಾರಿಯುದ್ದಕ್ಕೂ ಕಿಟಕಿಯಾಚೆ ಮಂಜು, ಮಂಜಿನೊಳಗೆ ಮರ, ಮತ್ತೆ ಮಂಜು. ಇಬ್ಬರೂ ಒಂದೇ ಕನಸನ್ನು ಕಾಣುತ್ತಾ ಹೋದ ಹಾಗಿತ್ತು.

ಚಿಕ್ಕ ಹಳದಿ ಮನೆ, ಮುಂದೆ ಕಬ್ಬಿಣದ ಗೇಟು. ಆ ಮಗುವಿನ ತಾಯಿಯೇ ಬಾಗಿಲು ತೆರೆದರು. ಕೈಗೆ ಗೋಂದು ಮೆತ್ತಿಕೊಂಡಿತ್ತು, ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸವಂತೆ. ನನ್ನನ್ನು ಕೂಡಲೇ ಗುರುತು ಹಿಡಿದರು. ‘ನೀವು ಆ ನರ್ಸ್ ಅಲ್ವಾ’ ಅಂದರು. ಒಳಗೆ ಕರೆದರು. ಹುಡುಗಿ ನೆಲದ ಮೇಲೆ ಕೂತು ಕಾಗದ ಮಡಚುತ್ತಿದ್ದಳು. ಹನ್ನೊಂದು ವರ್ಷ, ಉದ್ದ ಜಡೆ. ಅಪ್ಪ ಅವಳ ಬಲಗಡೆಯ ಸ್ಟೂಲಿನ ಮೇಲೆ ಕೂತು ಮಾತು ಶುರು ಮಾಡಿದ. ಅವಳು ಎದ್ದು ಬಂದು ಅವನನ್ನು ಸ್ಟೂಲಿನ ಸಮೇತ ಎಡಗಡೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಆಮೇಲೆ ಹೇಳಿದ. ಅಡ್ಡಗೆರೆ ತೆಗೆದದ್ದು, ಕಂಸ ಇಲ್ಲದಿದ್ದದ್ದು, ಎಲ್ಲ. ನಾನು ಚಮಚದ ವಿಷಯ ಹೇಳಿದೆ, ಸಹಿಯ ವಿಷಯ ಹೇಳಿದೆ. ಆಕೆ ಬೆರಳಿಗೆ ಒಣಗಿದ್ದ ಗೋಂದನ್ನು ಸಿಪ್ಪೆ ಸಿಪ್ಪೆಯಾಗಿ ಬಿಡಿಸುತ್ತಾ ಕೂತಿದ್ದರು. ಎಲ್ಲ ಮುಗಿದ ಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಇವಳ ಮೈಗೆ ಔಷಧ ಆಗಲ್ಲ ಅಂದ್ರು. ಆರು ವರ್ಷದಿಂದ ಒಂದು ಮಾತ್ರೆ ಕೊಟ್ಟಿಲ್ಲ ನಾನು. ಹೋದ ವರ್ಷ ಒಂಬತ್ತು ದಿನ ಜ್ವರ ಬಂತು. ಒದ್ದೆ ಬಟ್ಟೆ ಹಾಕ್ಕೊಂಡು ಕೂತಿದ್ದೆ. ಡಾಕ್ಟರ ಹತ್ರ ಹೋಗೋಕೂ ಭಯ. ಉಳೀತಾಳೋ ಇಲ್ವೋ ಅಂತ ಗೋಡೆ ನೋಡ್ತಾ ಕೂತಿದ್ದೆ.’

ಇದು ನನಗೆ ಗೊತ್ತಿರಲಿಲ್ಲ ಅತ್ತೆ. ಹೋದದ್ದು ಒಂದು ಕಿವಿ, ಅದು ಹಿಂದೆಯೇ ಆಗಿಹೋದದ್ದು ಎಂದೇ ತಿಳಿದಿದ್ದೆ. ನನ್ನ ಸಹಿ ಈ ಮನೆಯಲ್ಲಿ ಆರು ವರ್ಷ ದಿನಾ ಕೆಲಸ ಮಾಡುತ್ತಿತ್ತು.

ಆಕೆ ಕ್ಷಮಿಸುತ್ತೇನೆ ಅನ್ನಲಿಲ್ಲ. ನಾವೂ ಕೇಳಲಿಲ್ಲ. ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡಿ ಅಂದರು. ರಟ್ಟಿಗೆ ಅಂಟಿಸುವ ದಪ್ಪ ಕಾಗದವೊಂದನ್ನು ಅಪ್ಪನ ಮುಂದಿಟ್ಟರು. ಅಪ್ಪ ಬರೆದ. ಮಗುವಿನ ಮೈಯಲ್ಲಿ ಯಾವ ದೋಷವೂ ಇರಲಿಲ್ಲ, ಕೊಟ್ಟ ಔಷಧ ನಾಲ್ಕು ಪಟ್ಟು ಹೆಚ್ಚಾಗಿತ್ತು ಎಂದು, ಅದು ಹೇಗಾಯಿತೆಂದು. ಅವನು ಸಹಿ ಹಾಕಿದ, ಅದರ ಕೆಳಗೆ ನಾನು ಹಾಕಿದೆ. ಆಕೆ ಅದನ್ನು ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಇನ್ನೊಂದು ಸಲ ಓದಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ‘ಈಗ ಹೊರಡಿ’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮೃದುವೂ ಇರಲಿಲ್ಲ. ಕಾಗದವನ್ನು ತೆಗೆದುಕೊಂಡು ಆ ಆಸ್ಪತ್ರೆಗೆ ಹೋಗುತ್ತಾರಂತೆ. ಕರೆದರೆ ನಾವಿಬ್ಬರೂ ಬಂದು ಅಲ್ಲಿಯೂ ಇದನ್ನೇ ಹೇಳುತ್ತೇವೆ ಎಂದು ಮಾತು ಕೊಟ್ಟು ಬಂದಿದ್ದೇವೆ.

ಗೇಟಿನ ತನಕ ಬಂದಿದ್ದೆವು. ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿದೆ. ಹುಡುಗಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದಿದ್ದಳು. ಹತ್ತಿರ ನಿಂತು ಎಡಗಿವಿಯನ್ನು ನನ್ನ ಕಡೆಗೆ ಮಾಡಿಕೊಂಡಳು.

‘ಹಾಗಾದ್ರೆ ಇನ್ಮೇಲೆ ನನಗೆ ಜ್ವರ ಬಂದ್ರೆ ಮಾತ್ರೆ ತಗೋಬಹುದಾ?’

ಆರು ವರ್ಷದಿಂದ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿಲ್ಲ. ನಾನು ಅವಳೆದುರು ಮಂಡಿಯೂರಿ ಕೂತೆ.

‘ತಗೋಬಹುದು. ಡಾಕ್ಟರು ಎಷ್ಟು ಹೇಳ್ತಾರೋ ಅಷ್ಟು. ಜಾಸ್ತಿ ಅನ್ನಿಸಿದ್ರೆ ಇನ್ನೊಂದು ಸಲ ಕೇಳು. ಯಾರು ನಕ್ಕರೂ ಪರವಾಗಿಲ್ಲ, ಕೇಳು.’

ಅವಳು ಸ್ವಲ್ಪ ಹೊತ್ತು ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಮಾತು ಮುಗಿಯಿತೋ ಇಲ್ಲವೋ ಎನ್ನುವ ಹಾಗೆ. ಆಮೇಲೆ ತಲೆಯಾಡಿಸಿ, ಅಮ್ಮನಿಗೆ ಹೇಳಲು ಒಳಗೆ ಓಡಿದಳು.

ನಿನ್ನ
ಚುಕ್ಕಿ